ಬೀಗ ಹಾಕಿದ ಬಾಗಿಲ ಮುಂದೆ ಕಲಿತ ಪಾಠ

ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ನಮ್ಮ ವಿಶ್ವವಿದ್ಯಾಲಯದ ಹಿಂದಿನ ಗೇಟು ದಾಟಿದರೆ ಒಂದು ಬಡಾವಣೆ. ಮೊದಲ ವರ್ಷ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಕೈಯಲ್ಲಿ ನಾಲ್ಕು ಪುಟದ ಪ್ರಶ್ನಾವಳಿ ಇತ್ತು. ಪ್ರಶ್ನೆಗಳೆಲ್ಲ ನಾವೇ ಕೂತು ಬರೆದದ್ದು. ಮನೆಮನೆ ಸುತ್ತಿದೆವು. ಚೆಂದದ ಗ್ರಾಫ್ ಬಂತು, ಮಾರ್ಕ್ಸೂ ಬಂತು. ವರದಿ ಮಾತ್ರ ನನ್ನ ಕಪಾಟು ಬಿಟ್ಟು ಆಚೆ ಹೋಗಲಿಲ್ಲ.

ಮರುವರ್ಷ ಅದೇ ಬೀದಿಗೆ ಹೋದೆವು. ಅಜ್ಜಿಯೊಬ್ಬರು ಬಾಗಿಲು ಅರ್ಧ ತೆರೆದು, "ಹೋದ ವರ್ಷಾನೂ ಬರ್ಕೊಂಡು ಹೋದ್ರಲ್ಲ ಮೇಷ್ಟ್ರೇ, ಅದೇನಾಯ್ತು?" ಅಂದರು. ಏನು ಹೇಳಲಿ? ಪ್ರಶ್ನಾವಳಿಗಳನ್ನು ಬ್ಯಾಗಿಗೆ ತುಂಬಿಕೊಂಡು ವಾಪಸ್ ಬಂದೆ.

ನೆದರ್‌ಲ್ಯಾಂಡ್ಸ್‌ನ ವಿಶ್ವವಿದ್ಯಾಲಯಗಳಲ್ಲಿ 1970ರ ದಶಕದಲ್ಲೇ 'ಸೈನ್ಸ್ ಶಾಪ್'ಗಳು ಶುರುವಾಗಿದ್ದವು. ಜನ ತಮ್ಮ ಪ್ರಶ್ನೆ ತರುತ್ತಾರೆ, ವಿದ್ಯಾರ್ಥಿಗಳು ಮೇಷ್ಟ್ರ ಜೊತೆ ಸೇರಿ ಉತ್ತರ ಹುಡುಕುತ್ತಾರೆ. ನಾನು ಅಷ್ಟು ದೊಡ್ಡದೇನೂ ಮಾಡಲಿಲ್ಲ. ಒಂದು ನೋಟ್‌ಬುಕ್ ಹಿಡಿದು, ಸೆಮಿಸ್ಟರ್ ಶುರುವಾಗುವುದಕ್ಕೆ ಎರಡು ತಿಂಗಳು ಮೊದಲೇ ಬಡಾವಣೆ ಸುತ್ತಿದೆ. "ನಿಮಗೆ ಏನು ಗೊತ್ತಾಗಬೇಕು?" ಅಂತ ಮಾತ್ರ ಕೇಳಿದೆ.

ಮೊದಲ ಒಳ್ಳೆಯ ಪ್ರಶ್ನೆ ಅಲ್ಲಿನ ಲೈಬ್ರರಿಯವರದು. "ಸಂಜೆ ಐದೂವರೆಗೆ ಮುಚ್ತೀವಿ. ಇನ್ನೂ ಸ್ವಲ್ಪ ಹೊತ್ತು ತೆಗೆದಿಡಿ ಅಂತ ಕೆಲವರು ಕೇಳ್ತಾರೆ. ರಿಜಿಸ್ಟರ್ ನೋಡಿದ್ರೆ ಕೊನೇ ಗಂಟೇಲಿ ಜನಾನೇ ಇಲ್ಲ. ಯಾರನ್ನ ನಂಬೋದು?"

ಇಬ್ಬರು ವಿದ್ಯಾರ್ಥಿಗಳನ್ನು ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಹಾಕಿದೆ. ಮೊದಲ ವಾರ ರಿಜಿಸ್ಟರನ್ನು ಎಕ್ಸೆಲ್‌ಗೆ ಏರಿಸಿ, 'ಬೇಡಿಕೆ ಇಲ್ಲ' ಅಂತ ಬರೆದು ತಂದರು. ನಾನು ತಪ್ಪು ಅನ್ನಲಿಲ್ಲ. "ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಹೊರಗೆ ಇದ್ದು ನೋಡಿ" ಅಂದೆ.

ಇಬ್ಬರಲ್ಲಿ ಒಬ್ಬಳು ಎದುರಿನ ಕಟ್ಟೆ ಮೇಲೆ ಕೂತು ಐದೂವರೆಯಿಂದ ಏಳರವರೆಗೆ ಗೆರೆ ಎಳೆದಳು. ನಾಲ್ಕು ಉದ್ದ, ಐದನೆಯದು ಅಡ್ಡ. ಬಾಗಿಲ ಹಿಡಿ ಎಳೆದು ನೋಡಿ ಹೋದವರಿಗೆ ಒಂದು ಸಾಲು, ದೂರದಿಂದಲೇ ಬೀಗ ಕಂಡು ತಿರುಗಿದವರಿಗೆ ಇನ್ನೊಂದು. ಮರುದಿನ ಕ್ಲಾಸಿಗೆ ಬಂದವಳೇ, "ಸರ್, ರಿಜಿಸ್ಟರಲ್ಲಿ ಒಳಗೆ ಬಂದವರು ಮಾತ್ರ ಇರ್ತಾರೆ!" ಅಂದಳು.

ಎರಡನೇ ಮಹಾಯುದ್ಧದ ಕಾಲದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ವಿಮಾನಕ್ಕೆ ಎಲ್ಲಿ ರಕ್ಷಾಕವಚ ಹಾಕಬೇಕು ಅಂತ ತಿಳಿಯಲು ವಾಪಸ್ ಬಂದ ವಿಮಾನಗಳ ಗುಂಡಿನ ತೂತು ಎಣಿಸಿದರೆ ಸಾಲದು, ಬಾರದೇ ಹೋದ ವಿಮಾನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಆ ಸಲ ವಿಮಾನದ ಕಥೆ ಹೇಳುವ ಕೆಲಸವೇ ಬೀಳಲಿಲ್ಲ.

ಲೆಕ್ಕವನ್ನು ಲೈಬ್ರರಿಯಲ್ಲೇ ಓದಿ ಹೇಳಿದೆವು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ನೀವು ಎಣಿಸಿದ್ದು ಮಕ್ಕಳ ಪರೀಕ್ಷೆ ವಾರ. ಆಗ ಜನ ಜಾಸ್ತೀನೇ ಬರೋದು" ಅಂದರು. ಹೌದು, ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ವಾರ ಎಣಿಸಿದೆವು. ಸಂಖ್ಯೆ ಇಳಿಯಿತು, ಆದರೆ ಸೊನ್ನೆಗೇನೂ ಬರಲಿಲ್ಲ. ಲೈಬ್ರರಿ ಈಗ ವಾರಕ್ಕೆ ಎರಡು ದಿನ ಏಳರವರೆಗೆ ತೆರೆದಿರುತ್ತದೆ.

ಎಡವಿದ್ದೂ ಉಂಟು. ಒಂದು ಕಡೆ ಹುಡುಗನಿಂದ ಮೂರು ವಾರ ಬರೀ ಜೆರಾಕ್ಸ್ ಮಾಡಿಸಿದರು. ಏನು ಕೆಲಸ, ಯಾರು ನೋಡಿಕೊಳ್ಳುವುದು ಅಂತ ನಾನೇ ಮೊದಲು ಮಾತಾಡಿರಲಿಲ್ಲ. ಈಗ ಒಂದು ಪುಟದ ಒಪ್ಪಂದ ಮಾಡಿಕೊಳ್ಳುತ್ತೇವೆ. ಕೊನೆಗೆ ಅಲ್ಲಿಯವರ ಕೈಗೆ ಏನು ಸಿಗಬೇಕು ಅನ್ನುವುದೂ ಅದರಲ್ಲಿರುತ್ತದೆ.

ಗಂಟೆ ಲೆಕ್ಕಕ್ಕೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಸುಮ್ನೆ ಕೂತರೂ ಗಂಟೆ ಆಗುತ್ತೆ, ಅಲ್ವಾ? ವಾರಕ್ಕೊಂದು ಪುಟ ಡೈರಿ ಬರೆಸುತ್ತೇನೆ: ಏನು ನೋಡಿದೆ, ಪಾಠಕ್ಕೆ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ. ಹೊಂದದೇ ಹೋದದ್ದಕ್ಕೇ ಜಾಸ್ತಿ ಮಾರ್ಕ್ಸ್.

ಪರೀಕ್ಷೆ ಹತ್ತಿರ ಬಂದರೆ ಹುಡುಗರು ಮಾಯ. ಇದು ಪೂರ್ತಿ ಬಗೆಹರಿದಿಲ್ಲ. ಕೆಲಸ ನಿಂತು ಹೋಗದಿರಲಿ ಅಂತ ಹಳೇ ಬ್ಯಾಚಿನ ಒಬ್ಬರು ಹೊಸಬರನ್ನು ಎರಡು ವಾರ ಜೊತೆಗೆ ಸುತ್ತಿಸಿ, ಪರಿಚಯ ಮಾಡಿಸಿ, ನೋಟ್‌ಬುಕ್ ಕೈಗೆ ಕೊಟ್ಟು ಹೋಗುತ್ತಾರೆ. ಅದರಲ್ಲಿ ಈಗ 17 ಪ್ರಶ್ನೆಗಳಿವೆ. 5ಕ್ಕೆ ಉತ್ತರ ಸಿಕ್ಕಿದೆ. ಅಜ್ಜಿಯದು 6ನೆಯದು: ಮಳೆ ಬಂದಾಗ ನಮ್ಮ ಮನೆ ಮುಂದೆಯೇ ಯಾಕೆ ನೀರು ನಿಲ್ಲುತ್ತದೆ? ಅದು ನನ್ನ ವಿಷಯವಲ್ಲ. ಸಿವಿಲ್ ಇಂಜಿನಿಯರಿಂಗ್ ವಿಭಾಗದ ಬಾಗಿಲು ತಟ್ಟಿದ್ದೇನೆ.