ಕಾಂಟ್‌ನ ಓದನ್ನು ಚಿಕ್ಕ ಗ್ರಂಥದಿಂದ ತೊಡಗಿ
ಜರ್ಮನ್ ತತ್ತ್ವಶಾಸ್ತ್ರವನ್ನು ಓದಲು ಹೊರಟವರು ಇಮ್ಯಾನುಯೆಲ್ ಕಾಂಟ್‌ನ ‘ಶುದ್ಧ ವಿಚಾರದ ವಿಮರ್ಶೆ’ಯನ್ನು (1781) ಸದ್ಯಕ್ಕೆ ಬದಿಗಿಟ್ಟು, 1783ರಲ್ಲಿ ಅವನೇ ಪ್ರಕಟಿಸಿದ ‘ಪ್ರೊಲೆಗೊಮೆನಾ’ ಎಂಬ ಚಿಕ್ಕ ಗ್ರಂಥವನ್ನು ಮೊದಲು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಹೆಸರು ಕೇಳಿ ಹೆದರಬೇಕಿಲ್ಲ, ‘ಪೀಠಿಕೆ’ ಎಂದಷ್ಟೇ ಅದರ ಅರ್ಥ. ದೊಡ್ಡ ಗ್ರಂಥವು ಅರಿವಿನ ಮೂಲಾಂಶಗಳಿಂದ ಹೊರಟು ಹಂತಹಂತವಾಗಿ ಕಟ್ಟಿಕೊಂಡು ಹೋಗುವುದರಿಂದ ವಾದ ಎತ್ತ ಸಾಗುತ್ತಿದೆ ಎಂಬುದು ಓದುಗನಿಗೆ ಬಹುಕಾಲ ತಿಳಿಯುವುದಿಲ್ಲ. ಚಿಕ್ಕದಾದರೋ ಗಣಿತ ಮತ್ತು ಪ್ರಕೃತಿವಿಜ್ಞಾನಗಳು ಈಗಾಗಲೇ ಇವೆ ಎಂಬ ಒಪ್ಪಿತ ಸಂಗತಿಯಿಂದ ಆರಂಭಿಸಿ, ಅವು ಸಾಧ್ಯವಾದುದು ಹೇಗೆ ಎಂದು ಹಿಂದಕ್ಕೆ ಹುಡುಕುತ್ತ ಹೋಗುತ್ತದೆ. ಪ್ರಶ್ನಿಸದೆ ನಂಬುವ ನಿದ್ದೆಯಿಂದ ತನ್ನನ್ನು ಎಬ್ಬಿಸಿದವನು ಸ್ಕಾಟಿಷ್ ತತ್ತ್ವಜ್ಞ ಡೇವಿಡ್ ಹ್ಯೂಮ್ ಎಂದು ಕಾಂಟ್ ಹೇಳುವ ಮುನ್ನುಡಿಯನ್ನು ಮಾತ್ರ ಅವಸರದಲ್ಲಿ ದಾಟಬಾರದು, ಏಕೆಂದರೆ ಕಾರ್ಯಕಾರಣ ಸಂಬಂಧದ ಅರಿವು ನಮಗೆ ಎಲ್ಲಿಂದ ಬಂತು ಎಂದು ಹ್ಯೂಮ್ ಎತ್ತಿದ ಪ್ರಶ್ನೆಯೇ ಇಡೀ ವಾದದ ಬೇರು. ಮುಂದೆ, ಕಾಂಟ್‌ನ ನಂತರದ ಜರ್ಮನ್ ತತ್ತ್ವಜ್ಞರಾದ ಫಿಖ್ಟೆ, ಹೆಗೆಲ್‌ರವರೆಗೆ ಸಾಗಬೇಕೆನ್ನುವವರಿಗೆ ಇಷ್ಟೇ ಸಾಲದು. ಮೂಲ ಪರಿಕಲ್ಪನೆಗಳನ್ನು ಸಮರ್ಥಿಸುವ ವಿಸ್ತಾರವಾದ ವಾದಕ್ಕೆ ದೊಡ್ಡ ಗ್ರಂಥಕ್ಕೇ ಮರಳಬೇಕಾಗುತ್ತದೆ. ನೀತಿಯ ಪ್ರಶ್ನೆಗಳಿಗಾಗಿಯೇ ಬಂದವರಿಗೆ ಈ ಸಲಹೆ ಹೊಂದುವುದಿಲ್ಲ, ಅವರು 1785ರ ‘ನೈತಿಕ ತತ್ತ್ವಮೀಮಾಂಸೆಯ ತಳಹದಿ’ಯಿಂದ ನೇರವಾಗಿ ತೊಡಗಬಹುದು.