ಗ್ರೀನ್ ಟೀಯನ್ನು ಕುದಿಸದೆ ಮಾಡುವ ಬಗೆ

ರಾಯಚೂರಿನಲ್ಲಿ ಚಹಾ ಎಂದರೆ ಹಾಲು, ಸಕ್ಕರೆ ಹಾಕಿ ಕುದಿಸಿದ್ದೇ ಆಗಿರುವುದರಿಂದ, ಗ್ರೀನ್ ಟೀಯನ್ನೂ ಹಾಗೆಯೇ ಕುದಿಸಿ, ಕಹಿಯೆಂದು ಚೆಲ್ಲುವವರುಂಟು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ತಣಿಯಲು ಬಿಟ್ಟು, ಲೋಟಕ್ಕೆ ಒಂದು ಸಣ್ಣ ಚಮಚದಷ್ಟು ಎಲೆ ಹಾಕಿ ಮುಚ್ಚಿಡಬೇಕು. 2–3 ನಿಮಿಷದಲ್ಲಿ ಸುರುಟಿದ ಎಲೆ ಬಿಚ್ಚಿಕೊಂಡು, ನೀರು ತಿಳಿಹಳದಿಗೆ ತಿರುಗಿದೊಡನೆ ಸೋಸಬೇಕು. ಎಲೆಯಲ್ಲಿರುವ ಕ್ಯಾಟೆಚಿನ್‌ಗಳೆಂಬ ಸಂಯುಕ್ತಗಳು ಉತ್ಕರ್ಷಣ ನಿರೋಧಕಗಳು (ಆ್ಯಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ತಡೆಯುವಂಥವು) ಎಂಬುದು ನಿಜ; ಕುಡಿದ ಮಾತ್ರಕ್ಕೆ ಬೊಜ್ಜು ಕರಗುತ್ತದೆಂಬ ಜಾಹೀರಾತಿನ ಮಾತು ಮಾತ್ರ ಉತ್ಪ್ರೇಕ್ಷೆಯೇ ಸರಿ. ಶುಂಠಿ, ತುಳಸಿ, ಪುದೀನ ಬೆರೆತ ಬಗೆಗಳು ಪರಿಮಳಕ್ಕೆ ಚೆನ್ನ. ನನ್ನ ಮಟ್ಟಿಗೆ ನಿಂಬೆಯದೇ ಮೇಲು, ಏಕೆಂದರೆ ಹುಳಿಯಲ್ಲಿ ಕ್ಯಾಟೆಚಿನ್‌ಗಳು ಬೇಗ ಕೆಡುವುದಿಲ್ಲ. ಅದಕ್ಕಾಗಿ ದುಬಾರಿ ಪೊಟ್ಟಣ ಕೊಳ್ಳದೆ ನಾಲ್ಕು ಹನಿ ನಿಂಬೆರಸ ಹಿಂಡಿದರೂ ಸಾಕು. ಊಟದೊಡನೆ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತದಿರುವುದರಿಂದ, ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಒಂದು ಗಂಟೆಯಾದರೂ ಕಳೆದ ಮೇಲೆ ಕುಡಿಯಬೇಕು.