ಚಳಿಗಾಲದಲ್ಲೂ ಸ್ಪೀಡ್‌ಸ್ಟರ್ ಓಡಿಸಿ: ಮೊದಲು ಗಾಳಿ ತಡೆಯಿರಿ, ಹೀಟರ್ ಆಮೇಲೆ

ಪೋರ್ಷೆ 356 ಸ್ಪೀಡ್‌ಸ್ಟರ್ 1954ರಲ್ಲಿ ಬಂದಿದ್ದೇ ಅಮೆರಿಕದ ಬಿಸಿಲಿಗಾಗಿ. ಕಡಿಮೆ ಬೆಲೆಯ ತೆರೆದ ಕಾರು ಬೇಕೆಂದು ನ್ಯೂಯಾರ್ಕಿನ ಆಮದುದಾರ ಮ್ಯಾಕ್ಸ್ ಹಾಫ್‌ಮನ್ ಪಟ್ಟು ಹಿಡಿದರು. ಪೋರ್ಷೆಯವರು ಮುಂದಿನ ಗಾಜನ್ನು ಗಿಡ್ಡ ಮಾಡಿದರು, ಬಾಗಿಲಿನ ಗಾಜನ್ನು ಪೂರ್ತಿ ಬಿಟ್ಟರು, ತೆಳುವಾದ ಬಟ್ಟೆಯ ಟಾಪ್ ಕೊಟ್ಟು ಮೂರು ಸಾವಿರ ಡಾಲರಿಗಿಂತ ಸ್ವಲ್ಪ ಕಡಿಮೆಗೆ ಮಾರಿದರು. ಕ್ಯಾಲಿಫೋರ್ನಿಯಾಕ್ಕೆ ಅಷ್ಟು ಸಾಕಿತ್ತು. ನಾವಿರುವುದು ಒರೆಗಾನ್‌ನ ಹಿಲ್ಸ್‌ಬರೋದಲ್ಲಿ. ನವೆಂಬರ್ ಬಂತೆಂದರೆ ಜಿಟಿಜಿಟಿ ಮಳೆ, ಮೂರರಿಂದ ಹತ್ತು ಡಿಗ್ರಿ ಚಳಿ, ಹೀಗೇ ಮಾರ್ಚ್‌ವರೆಗೆ. ಆದರೆ ನಡುನಡುವೆ ಒಣ ದಿನಗಳು ಬರುತ್ತವೆ. ಕೊಲಂಬಿಯಾ ನದಿಯ ಹಳೆ ಹೆದ್ದಾರಿಯಲ್ಲಿ ಪ್ರವಾಸಿಗರು ಕಡಿಮೆ, ಜಲಪಾತಗಳು ತುಂಬಿ ಬೀಳುತ್ತಿರುತ್ತವೆ. ಅಂಥ ದಿನ ಈ ಕಾರನ್ನು ಗರಾಜಿನಲ್ಲಿ ಮುಚ್ಚಿಡಲು ನನಗೆ ಮನಸ್ಸು ಬರುವುದಿಲ್ಲ.

ನನ್ನದು ಅಸಲಿ ಪೋರ್ಷೆ ಅಲ್ಲ, ರೆಪ್ಲಿಕಾ. ಫೋಕ್ಸ್‌ವ್ಯಾಗನ್ ಬೀಟಲ್‌ನ ಫ್ಲೋರ್ ಪ್ಯಾನ್ (ಕಾರಿನ ತಳದ ಕಬ್ಬಿಣದ ತಗಡು) ಕತ್ತರಿಸಿ, ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ್ದು. ಬೀಟಲ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 2400 ಮಿಲಿಮೀಟರ್, 356ರದ್ದು 2100. ಆ 300 ಮಿಲಿಮೀಟರ್ ಕತ್ತರಿಸಿ ಬೆಸೆದರೆ ಅಳತೆ ಸರಿಹೋಗುತ್ತದೆ. ಹಿಂದೆ ಏರ್‌ಕೂಲ್ಡ್ ಎಂಜಿನ್. ರೇಡಿಯೇಟರ್ ಇಲ್ಲ, ಬಿಸಿನೀರಿಲ್ಲ. ಹಾಗಾಗಿ ಬೇರೆ ಕಾರುಗಳಂತೆ ಹೀಟರ್ ಗುಂಡಿ ತಿರುಗಿಸಿದರೆ ಬಿಸಿಗಾಳಿ ಬರುವ ಏರ್ಪಾಡು ಇದರಲ್ಲಿ ಸುಲಭವಿಲ್ಲ. ಹೆಚ್ಚಿನವರು ಇದನ್ನು ನೋಡಿ ಮೊದಲು ಹೀಟರ್ ಹುಡುಕಲು ಹೊರಡುತ್ತಾರೆ. ನಾನು ಹೇಳುವ ಕ್ರಮವೇ ಬೇರೆ. ಮೊದಲು ಗಾಳಿ ತಡೆಯಿರಿ. ಆಮೇಲೆ ಕೂತವರ ಮೈ ಬೆಚ್ಚಗಾಗಲಿ. ಕಾರಿನೊಳಗಿನ ಗಾಳಿ ಬಿಸಿ ಮಾಡುವುದು ಕೊನೆಗೆ. ಈ ಕ್ರಮ ತಪ್ಪಿದರೆ ಕಿಟಕಿಯೆಲ್ಲ ತೆರೆದಿಟ್ಟು ಒಲೆ ಉರಿಸಿದ ಹಾಗಾಗುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ

ತೆರೆದ ಕಾರಿನಲ್ಲಿ ಗಾಳಿ ಎದುರಿನಿಂದ ಹೊಡೆಯುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಕತ್ತು ಮರಗಟ್ಟಿಸುವುದು ಹಿಂದಿನಿಂದ ಬರುವ ಗಾಳಿ. ಮುಂದಿನ ಗಾಜಿನ ಮೇಲೆ ಹಾರಿಹೋದ ಗಾಳಿ ಹಿಂದೆ ಒತ್ತಡ ಕಡಿಮೆ ಇರುವ ಜಾಗಕ್ಕೆ ಸುಳಿದು, ಸೀಟುಗಳ ನಡುವಿನಿಂದ ನಮ್ಮ ಕುತ್ತಿಗೆಗೇ ಬರುತ್ತದೆ. ಇದಕ್ಕೆ ಸೀಟುಗಳ ಹಿಂದೆ ಒಂದು ಪಾರದರ್ಶಕ ತಡೆ ಬೇಕು. ಐದಾರು ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಹಾಳೆ ತನ್ನಿ. ಅಕ್ರಿಲಿಕ್ ಬೇಡ, ಅದು ಒಡೆದರೆ ಚೂಪು ಚೂರಾಗುತ್ತದೆ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ, ಕಿವಿಯ ಎತ್ತರದವರೆಗೆ ಬರುವಂತೆ ಕೂರಿಸಿ ನೋಡಿ. ಟಾಪ್ ಮಡಚಿಟ್ಟಾಗ ಅದಕ್ಕೆ ತಾಗಬಾರದು. ಅಂಚನ್ನು ಉಜ್ಜಿ ದುಂಡಗೆ ಮಾಡಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಸುಖ ಕೊಡುವ ಕೆಲಸ ಇನ್ನೊಂದಿಲ್ಲ.

ಆಮೇಲೆ ಟಾನೋ ಕವರ್, ಅಂದರೆ ಸೀಟುಗಳ ಮೇಲೆ ಹೊದಿಸುವ ಬಟ್ಟೆ. ಕಾರು ನಿಂತಾಗ ಮುಚ್ಚಲು ಅಂತ ಇದನ್ನು ಕೊಳ್ಳುತ್ತಾರೆ, ಆದರೆ ನಡುವೆ ಜಿಪ್ ಇರುವ ಕವರ್ ಓಡಿಸುವಾಗಲೂ ಉಪಯೋಗಕ್ಕೆ ಬರುತ್ತದೆ. ಒಬ್ಬರೇ ಹೋಗುವಾಗ ಪಕ್ಕದ ಸೀಟಿನ ಅರ್ಧ ಮುಚ್ಚೇ ಇರಲಿ. ಕಾಲಿನ ಹತ್ತಿರದ ಬಿಸಿ ಅಲ್ಲೇ ಉಳಿಯುತ್ತದೆ. ಬಾಗಿಲಿನ ಗಾಜಿನ ಬದಲು ಸಿಕ್ಕಿಸುವ ಸೈಡ್ ಕರ್ಟನ್‌ಗಳು ಬಾಗಿಲಿಗೆ ಕೂರುವ ಕಡೆ ಮತ್ತು ಹಿಂದಿನ ಅಂಚಿನಲ್ಲಿ ಸಂದು ಬಿಡುತ್ತವೆ. ಅಲ್ಲಿಗೆ ಒಳಗೆ ಟೊಳ್ಳಿರುವ ಮೆತ್ತನೆಯ ರಬ್ಬರ್ ಪಟ್ಟಿ ಅಂಟಿಸಿ. ಗಟ್ಟಿ ಪಟ್ಟಿ ಅಂಟಿಸಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ಇನ್ನು ಕಾಲಿನ ಕಡೆ. ನಮ್ಮ ಅತ್ತೆ ಚಿಕ್ಕಮಗಳೂರಿನಿಂದ ಬಂದಾಗಲೆಲ್ಲ ಈ ಕಾರಲ್ಲೇ ಸುತ್ತಾಡಲು ಇಷ್ಟಪಡುತ್ತಾರೆ. "ತಲೆಗೆ ಟೋಪಿ ಹಾಕ್ಕೋತೀನಿ, ಕಾಲೊಂದು ಬೆಚ್ಚಗಿದ್ರೆ ಸಾಕು ಕಣೇ" ಅನ್ನುತ್ತಾರೆ. ಅವರ ಮಾತು ಸರಿ. ಕಾಲಿಗೆ ಗಾಳಿ ಬರುವ ದಾರಿಗಳು ಬೇಕಾದಷ್ಟಿವೆ: ಸ್ಟೀರಿಂಗ್ ಕಾಲಂ ಒಳಬರುವ ತೂತು, ಪೆಡಲ್‌ಗಳ ಸುತ್ತ, ವೈರು ಹಾಯುವ ತೂತುಗಳು, ಗೇರ್ ಲಿವರ್ ಮತ್ತು ಹ್ಯಾಂಡ್‌ಬ್ರೇಕ್‌ನ ಬುಡದ ಹರಿದ ರಬ್ಬರ್ ಹೊದಿಕೆ, ಹಿಂದೆ ಟನೆಲ್ (ಸೀಟುಗಳ ನಡುವಿನ ನೆಲದ ಉಬ್ಬು) ಮೇಲಿರುವ ಗೇರ್ ರಾಡ್‌ನ ಮುಚ್ಚಳ. ಇವನ್ನು ಹುಡುಕಲು ರಾತ್ರಿ ಗರಾಜಿನ ದೀಪ ಆರಿಸಿ, ಕಾರಿನೊಳಗೆ ಪ್ರಖರವಾದ ಟಾರ್ಚ್ ಇಟ್ಟು, ಹೊರಗಿನಿಂದ ಮತ್ತು ಕೆಳಗಿನಿಂದ ನೋಡಿ. ಬೆಳಕು ಕಂಡ ಕಡೆಯೆಲ್ಲ ಗಾಳಿಯೂ ಬರುತ್ತದೆ. ಊದಿನಕಡ್ಡಿ ಹಚ್ಚಿ ಹೊಗೆ ನೋಡುವ ಉಪಾಯ ಮಾತ್ರ ಬೇಡವೇ ಬೇಡ. ಇದರ ಪೆಟ್ರೋಲ್ ಟ್ಯಾಂಕ್ ಮುಂದಿದೆ, ನಿಮ್ಮ ಕಾಲಿನಿಂದ ಸ್ವಲ್ಪವೇ ದೂರ.

ತೂತುಗಳಿಗೆ ಸರಿಯಾದ ಅಳತೆಯ ಗ್ರೊಮೆಟ್ (ರಬ್ಬರ್ ಬಳೆ) ಹಾಕಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತೂ ಉಳಿಯಬಾರದು. ಅಲ್ಲಿಂದ ಬರುವುದು ಬರೀ ಚಳಿಗಾಳಿಯಲ್ಲ, ಎಂಜಿನ್ನಿನ ಹೊಗೆ. ಆ ಗೋಡೆಗೆ ಬೆಂಕಿ ತಡೆಯುವ ಸೀಲೆಂಟ್ ಬಳಸಿ.

ನೆಲ ಮತ್ತು ಸದ್ದು

ತೂತು ಮುಚ್ಚಲು ಕಾರ್ಪೆಟ್ ಹೇಗೂ ಎತ್ತಿದ್ದೀರಿ, ನೆಲದ ಕೆಲಸವನ್ನೂ ಈಗಲೇ ಮುಗಿಸಿ. ಕಬ್ಬಿಣದ ಪ್ಯಾನ್‌ಗೆ ಬ್ಯುಟೈಲ್ (ಅಂಟು ರಬ್ಬರ್) ಹಾಳೆ ಅಂಟಿಸಿ. ಪೂರ್ತಿ ಮುಚ್ಚಬೇಕಿಲ್ಲ. ತಗಡು ಗುಂಯ್‌ಗುಡುವುದನ್ನು ನಿಲ್ಲಿಸಲು ಅರ್ಧದಷ್ಟು ಜಾಗ ಮುಚ್ಚಿದರೂ ಸಾಕು. ಅದರ ಮೇಲೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್, ಮೇಲೆ ಕಾರ್ಪೆಟ್. ಸೆಣಬಿನ ಅಥವಾ ಫೆಲ್ಟ್‌ನ ಅಡಿಹಾಸು ಹಾಕಬೇಡಿ. ತೆರೆದ ಕಾರಿಗೆ ನೀರು ಬಂದೇ ಬರುತ್ತದೆ, ಅದು ಹೀರಿಕೊಂಡು ಪ್ಯಾನ್ ತುಕ್ಕು ಹಿಡಿಸುತ್ತದೆ. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಬಲಗಡೆ ಹಿಂದಿನ ಸೀಟಿನ ಕೆಳಗೆ. ನಿಮ್ಮ ರೆಪ್ಲಿಕಾದಲ್ಲೂ ಬ್ಯಾಟರಿ ಅಲ್ಲೇ ಇದ್ದರೆ ಅದನ್ನೆತ್ತಿ ಕೆಳಗಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಮೈ ಬೆಚ್ಚಗಿಡುವುದು

ಸೀಟಿನ ಹೊದಿಕೆಯ ಕೆಳಗೆ ಕಾರ್ಬನ್ ಫೈಬರ್ ಹೀಟಿಂಗ್ ಪ್ಯಾಡ್ ಹಾಕಿಸಿ. ಒಂದು ಕೂರುವ ಜಾಗಕ್ಕೆ, ಒಂದು ಬೆನ್ನಿಗೆ. ಒಂದು ಸೀಟು ನಾಲ್ಕೈದು ಆಂಪ್ ಎಳೆಯುತ್ತದೆ. ಪ್ರತಿ ಸೀಟಿಗೂ ಫ್ಯೂಸ್ ಇರಲಿ, ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವಂತೆ ರಿಲೇ ಇರಲಿ. ಹೊದಿಕೆ ಬಿಚ್ಚಿದಾಗ ಒಳಗಿನ ಫೋಮ್ ಪುಡಿಯಾಗಿದ್ದರೆ ಅದನ್ನೂ ಬದಲಿಸಿ. ಸೊಂಟದ ಹತ್ತಿರ ಸ್ವಲ್ಪ ಗಟ್ಟಿ ಫೋಮ್ ಕೊಡಿಸಿದರೆ ದೂರದ ಪ್ರಯಾಣದಲ್ಲಿ ಬೆನ್ನು ಹಿಡಿಯುವುದಿಲ್ಲ.

ಆದರೆ ಕರೆಂಟ್ ಎಲ್ಲಿಂದ? ಹಳೆ ಬೀಟಲ್‌ನ ಡೈನಮೊ 30 ಆಂಪ್‌ನದು, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ನಿಧಾನ ತಿರುಗುವಾಗ, ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ. ಲೆಕ್ಕ ಹಾಕಿ: 55 ವ್ಯಾಟ್‌ನ ಎರಡು ಹೆಡ್‌ಲೈಟ್‌ಗೆ ಒಂಬತ್ತು ಆಂಪ್, ಎರಡು ಸೀಟಿಗೆ ಇನ್ನೊಂಬತ್ತು, ವೈಪರ್‌ಗೆ ನಾಲ್ಕೈದು, ಇಗ್ನಿಷನ್‌ಗೆ ಮೂರ್ನಾಲ್ಕು. ಮಳೆಗಾಲದ ಸಂಜೆ ಸಿಗ್ನಲ್‌ಗಳ ನಡುವೆ ಬ್ಯಾಟರಿ ಖಾಲಿಯಾಗುತ್ತಾ ಬರುತ್ತದೆ. ಹಾಗಾಗಿ ಸೀಟ್ ಪ್ಯಾಡ್‌ಗೂ ಮೊದಲು ಡೈನಮೊ ಬದಲು 55 ಆಂಪ್‌ನ ಆಲ್ಟರ್ನೇಟರ್ ಹಾಕಿಸಿ. ಎಷ್ಟೋ ರೆಪ್ಲಿಕಾಗಳಲ್ಲಿ ಅದು ಮೊದಲೇ ಇರುತ್ತದೆ, ನೋಡಿಕೊಳ್ಳಿ. ಹಿಂದಿನ ದೀಪಗಳಿಗೆ ಎಲ್‌ಇಡಿ ಹಾಕಿದರೆ ಕರೆಂಟೂ ಉಳಿಯುತ್ತದೆ, ಇಷ್ಟು ತಗ್ಗಾದ ಕಾರು ಮಳೆಯಲ್ಲಿ ಹಿಂದೆ ಬರುವ ಪಿಕಪ್‌ನವರಿಗೆ ಕಾಣುತ್ತದೆ ಕೂಡ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಿವಿ ಮುಚ್ಚುವ ಉಣ್ಣೆ ಟೋಪಿ, ತೆಳುವಾದ ಚರ್ಮದ ಗ್ಲೌಸ್. ಮಫ್ಲರ್ ತುದಿಯನ್ನು ಜಾಕೆಟ್ ಒಳಗೆ ಸಿಕ್ಕಿಸಿಕೊಳ್ಳಿ. ಪಕ್ಕದ ಸೀಟಿನವರ ತೊಡೆಯ ಮೇಲೆ ನಮ್ಮಲ್ಲಿ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಇರುತ್ತದೆ, ಅತ್ತೆ ತಂದುಕೊಟ್ಟಿದ್ದು. ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಯಾವ ಫ್ಲೀಸೂ ಅದರ ಸಮಕ್ಕೆ ಬರುವುದಿಲ್ಲ.

ಈಗ ಹೀಟರ್

ಬೀಟಲ್‌ಗೆ ಅದರದೇ ಹೀಟರ್ ಇತ್ತು. ಎಂಜಿನ್ ಫ್ಯಾನ್‌ನ ಗಾಳಿಯಲ್ಲಿ ಒಂದು ಪಾಲು ಎರಡು ಹೋಸ್‌ಗಳ ಮೂಲಕ ಎಕ್ಸಾಸ್ಟ್ ಪೈಪಿನ ಸುತ್ತ ಇರುವ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗಿ, ಅಲ್ಲಿ ಬಿಸಿಯಾಗಿ ಕ್ಯಾಬಿನ್ನಿಗೆ ಬರುತ್ತಿತ್ತು. ರೆಪ್ಲಿಕಾ ಕಟ್ಟುವವರು ಹೆಚ್ಚಾಗಿ ಇದನ್ನು ತೆಗೆದು ಬರೀ ಪೈಪ್ ಹಾಕಿರುತ್ತಾರೆ. ಎಂಜಿನ್ ಮುಚ್ಚಳ ಎತ್ತಿ ಫ್ಯಾನ್ ಶ್ರೌಡ್‌ನ (ಫ್ಯಾನ್ ಸುತ್ತಲ ತಗಡಿನ ಕವಚದ) ಎರಡೂ ಬದಿ ನೋಡಿ. ದಪ್ಪ ಹೋಸ್ ಕೂರುವ ಬಾಯಿಗಳಿದ್ದರೆ ಹಳೆ ಏರ್ಪಾಡನ್ನು ಮರಳಿ ತರಬಹುದು. 1600 ಸಿಸಿ ಎಂಜಿನ್ ಇರುವವರಿಗೆ ನನ್ನ ಸಲಹೆ ಇದೇ. ಹೊಸ ಅಥವಾ ಗಟ್ಟಿಮುಟ್ಟಾದ ಎಕ್ಸ್‌ಚೇಂಜರ್‌ಗಳನ್ನೇ ಹಾಕಿ. ತುಕ್ಕು ಹಿಡಿದು ತೂತಾದ ಎಕ್ಸ್‌ಚೇಂಜರ್ ಎಕ್ಸಾಸ್ಟ್ ಹೊಗೆಯನ್ನು ನೇರ ನಿಮ್ಮ ಮುಖಕ್ಕೆ ತರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ (ಸಿಒ) ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬ್ಯಾಟರಿಯ ಸಿಒ ಅಲಾರಂ ಒಂದನ್ನು ಡ್ಯಾಶ್‌ಬೋರ್ಡ್ ಕೆಳಗೆ ಇಡದೆ ಟಾಪ್ ಮುಚ್ಚಿ ಓಡಿಸಬೇಡಿ. ಇದರಲ್ಲಿ ರಾಜಿ ಇಲ್ಲ.

ದೊಡ್ಡ ಎಂಜಿನ್, ದಪ್ಪ ಎಕ್ಸಾಸ್ಟ್ ಇರುವವರು ಪೆಟ್ರೋಲ್ ಉರಿಸುವ ಹೀಟರ್ ನೋಡಬಹುದು. ಎಬರ್‌ಸ್ಪೆಕರ್, ವೆಬಾಸ್ಟೊ ಇಂಥವನ್ನು ಮಾಡುತ್ತವೆ. ಹಳೆ ಬೀಟಲ್‌ಗಳಲ್ಲೂ ಎಬರ್‌ಸ್ಪೆಕರ್ ಹೀಟರ್ ಸಿಗುತ್ತಿತ್ತು. ಎರಡು ಕಿಲೋವ್ಯಾಟ್‌ನದು ಈ ಚಿಕ್ಕ ಕ್ಯಾಬಿನ್ನಿಗೆ ಧಾರಾಳ. ಎಂಜಿನ್ ವೇಗ ಎಷ್ಟೇ ಇರಲಿ, ಒಂದೇ ಸಮ ಬಿಸಿ ಕೊಡುತ್ತದೆ. ಅಗ್ಗದ ಡೀಸೆಲ್ ಹೀಟರ್ ತಂದು ಅದಕ್ಕೆ ಪೆಟ್ರೋಲ್ ಹಾಕುವುದು ಪ್ರಾಣಕ್ಕೇ ಅಪಾಯ. ಹೀಟರ್‌ನ ಹೊಗೆ ಪೈಪ್ ಕಾರಿನ ಹೊರಗೆ, ಟ್ಯಾಂಕ್‌ನಿಂದ ದೂರ ಇರಬೇಕು. ಈ ಕೆಲಸವನ್ನು ತಿಳಿದವರ ಕೈಯಲ್ಲೇ ಮಾಡಿಸಿ. ಸಿಗರೇಟ್ ಲೈಟರ್‌ಗೆ ಚುಚ್ಚುವ ಪುಟ್ಟ ಫ್ಯಾನ್ ಹೀಟರ್‌ಗಳಿಗೆ ದುಡ್ಡು ಹಾಕಬೇಡಿ. ಅವು 150 ವ್ಯಾಟ್ ಕೊಟ್ಟರೆ ಹೆಚ್ಚು, ನಮಗೆ ಬೇಕಿರುವುದು ಅದರ ಹತ್ತು ಪಟ್ಟು.

ಎಂಜಿನ್ನಿಗೂ ಚಳಿಯಾಗುತ್ತದೆ

ಫ್ಯಾನ್ ಶ್ರೌಡ್ ಒಳಗೆ ಗಾಳಿ ತಡೆಯುವ ರೆಕ್ಕೆಗಳು, ಅವನ್ನು ತೆರೆಯುವ ಥರ್ಮೋಸ್ಟಾಟ್ ಬೀಟಲ್‌ನಲ್ಲಿ ಇರುತ್ತವೆ. 65ರಿಂದ 70 ಡಿಗ್ರಿಗೆ ತೆರೆಯುತ್ತದೆ. ಬಿಸಿ ಊರಿನವರು ಇದನ್ನು ಕಿತ್ತುಹಾಕುತ್ತಾರೆ. ಇಲ್ಲಿ ಅದು ಬೇಕೇ ಬೇಕು. ಇಲ್ಲದಿದ್ದರೆ ಆಯಿಲ್ ಬಿಸಿಯಾಗುವುದೇ ಇಲ್ಲ, ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಸೇರುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಬೆಣ್ಣೆ ಬಣ್ಣದ ಅಂಟು ಕಂಡರೆ ಅದೇ ಕಾರಣ. ಹೊರಗೆ ಹೆಚ್ಚುವರಿ ಆಯಿಲ್ ಕೂಲರ್ ಇದ್ದರೆ ಅದಕ್ಕೂ ಥರ್ಮೋಸ್ಟಾಟ್ ಇರಲಿ. ಈ ಎಂಜಿನ್ನಿಗೆ ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್. ಚಳಿಗಾಲದಲ್ಲಿ ನಾನು 10ಡಬ್ಲ್ಯೂ-40 ದರ್ಜೆಯ ಆಯಿಲ್ ಹಾಕುತ್ತೇನೆ, ಬೇಸಿಗೆಗಿಂತ ಬೇಗ ಬದಲಿಸುತ್ತೇನೆ.

ಇನ್ನೊಂದು ಕಾಟ ಕಾರ್ಬುರೇಟರ್ ಒಳಗೆ ಕಟ್ಟುವ ಹಿಮ. ಪೆಟ್ರೋಲ್ ಆವಿಯಾಗುವಾಗ ಸುತ್ತಲ ಗಾಳಿ ತಣ್ಣಗಾಗುತ್ತದೆ. ಹೊರಗೆ ಐದು ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಅಷ್ಟೇ ಸಾಕು, ಒಳಗೆ ನೀರು ಹೆಪ್ಪುಗಟ್ಟುತ್ತದೆ. ಹೆದ್ದಾರಿಯಿಂದ ಇಳಿದು ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆಫ್. ಎರಡು ನಿಮಿಷ ಬಿಟ್ಟರೆ ಎಂಜಿನ್ನಿನ ಬಿಸಿಗೆ ಕರಗಿ, ಏನೂ ಆಗದಂತೆ ಮತ್ತೆ ಸ್ಟಾರ್ಟ್. ನಮ್ಮ ಒರೆಗಾನ್ ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ಒಂದೇ ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ (ಪೆಟ್ರೋಲ್ ಬೆರೆತ ಗಾಳಿ ಒಯ್ಯುವ ಕೊಳವೆ) ಕೆಳಗೆ ಎಕ್ಸಾಸ್ಟ್ ಬಿಸಿ ಹಾಯುವ ಸಣ್ಣ ಪೈಪ್ ಇರುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಅದರ ಎರಡೂ ತುದಿ ಬಿಸಿಯಾಗಿರಬೇಕು. ಒಂದು ತಣ್ಣಗಿದ್ದರೆ ಒಳಗೆ ಮಸಿ ಕಟ್ಟಿದೆ ಎಂದರ್ಥ, ಬಿಚ್ಚಿ ಸ್ವಚ್ಛ ಮಾಡಿಸಿ. ವೆಬರ್ ಕಂಪನಿಯ ಎರಡು ಕಾರ್ಬುರೇಟರ್ ಇರುವವರಿಗೆ ಈ ಪೈಪ್ ಇಲ್ಲ. ಅವರು ಏರ್ ಫಿಲ್ಟರ್‌ಗೆ ಬಿಸಿ ಗಾಳಿ ಬರುವಂತೆ ಮಾಡಿಕೊಳ್ಳಬೇಕು, ಹೊರಡುವ ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಬೇಕು.

ಕೆಲಸ ಮಾಡುವಾಗ ಪೆಟ್ರೋಲ್ ಹೋಸ್‌ಗಳನ್ನೂ ಬದಲಿಸಿಬಿಡಿ. ಎಥನಾಲ್ ಹಳೆ ರಬ್ಬರನ್ನು ತಿನ್ನುತ್ತದೆ. ಸೀಳಿದ ಹೋಸ್ ಬಿಸಿ ಎಂಜಿನ್ ಮೇಲೆ ಹನಿಸಿದರೆ ಫೈಬರ್‌ಗ್ಲಾಸ್ ಕಾರು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಎಸ್‌ಎಇ ಜೆ30 ಆರ್9 ಗುರುತಿನ ಹೋಸ್ ತನ್ನಿ. ಒರೆಗಾನ್‌ನಲ್ಲಿ ಕೆಲವು ಬಂಕ್‌ಗಳಲ್ಲಿ ಎಥನಾಲ್ ಇಲ್ಲದ ಪ್ರೀಮಿಯಂ ಸಿಗುತ್ತದೆ, ನಾನು ಅದನ್ನೇ ಹಾಕಿಸುವುದು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಸೀಟಿನ ಮುಂದೆ ಇರಲಿ.

ರಸ್ತೆಗೆ ಇಳಿಯುವಾಗ

ಟೈರಿನ ಬದಿಯಲ್ಲಿ ನಾಲ್ಕಂಕಿಯ ದಿನಾಂಕ ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಕಾರುಗಳು ಕಡಿಮೆ ಓಡುವುದರಿಂದ ಮೇಲಿನ ಅಚ್ಚು ಸವೆಯದೇ ರಬ್ಬರ್ ಮುದಿಯಾಗಿರುತ್ತದೆ. ಏಳು ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. 15 ಇಂಚಿನಲ್ಲಿ 165 ಅಗಲದ ಆಲ್ ಸೀಸನ್ ಟೈರ್ ಹುಡುಕಿ ಹಾಕಿಸಿ. ಭಾರವೆಲ್ಲ ಹಿಂದಿರುವುದರಿಂದ ಮುಂದಿನ ಗಾಳಿ ಕಡಿಮೆ ಇರಬೇಕು. ನನ್ನದರಲ್ಲಿ ಮುಂದೆ 18, ಹಿಂದೆ 26 ಪಿಎಸ್‌ಐ. ಹಿಂದಿನ ಚಕ್ರಗಳು ಏರಿಳಿಯುವಾಗ ವಾಲುವ ಹಳೆಯ ಸ್ವಿಂಗ್ ಆಕ್ಸಲ್ ಪ್ಯಾನ್ ಇರುವವರು ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಡಬಾರದು, ಹಿಂದಿನ ಭಾಗ ಹೊರಳುತ್ತದೆ. ತಿರುವಿಗೆ ಮೊದಲೇ ನಿಧಾನ ಮಾಡಿ, ತಿರುವಿನೊಳಗೆ ಆಕ್ಸಿಲರೇಟರ್ ಸಣ್ಣಗೆ ಒತ್ತಿಯೇ ಇರಿ.

ಕೊಲಂಬಿಯಾ ಕಣಿವೆಯಲ್ಲಿ ಚಳಿಗಾಲದ ಪೂರ್ವದ ಗಾಳಿ ಬಲು ಜೋರು. ಅಲ್ಲಿನ ಬಂಡೆತುದಿಯ ವೀಕ್ಷಣಾ ಸ್ಥಳ ಕ್ರೌನ್ ಪಾಯಿಂಟ್‌ನಲ್ಲಿ ಕಾರಿನ ಬಾಗಿಲೇ ಕೈಯಿಂದ ಕಿತ್ತುಕೊಳ್ಳುವಷ್ಟು. ಆ ಮುನ್ಸೂಚನೆ ಇದ್ದ ದಿನ ನಾನು ಪಶ್ಚಿಮಕ್ಕೆ, ಸಮುದ್ರದ ಕಡೆ ಹೋಗುತ್ತೇನೆ. ರಸ್ತೆಗೆ ಉಪ್ಪು ಅಥವಾ ಹಿಮ ಕರಗಿಸುವ ದ್ರಾವಣ ಹಾಕಿದ್ದರೆ ಮನೆಗೆ ಬಂದ ದಿನವೇ ಕಾರಿನ ಕೆಳಭಾಗವನ್ನು ನೀರಿನಿಂದ ತೊಳೆಯಿರಿ. ಚಕ್ರದ ಒಳಗೋಡೆ, ಪ್ಯಾನ್ ಬೆಸೆದ ಜಾಗ, ಜ್ಯಾಕ್ ಕೊಡುವ ಜಾಗಗಳನ್ನು ಬಿಡಬೇಡಿ. ಒದ್ದೆ ಟಾಪನ್ನು ಮಡಚಿಡಬೇಡಿ. ಗರಾಜಿನಲ್ಲಿ ಪೂರ್ತಿ ಬಿಚ್ಚಿ, ಹತ್ತಿರ ಒಂದು ಫ್ಯಾನ್ ಇಟ್ಟು ಒಣಗಿಸಿ, ಆಮೇಲಷ್ಟೇ ಇಳಿಸಿ.